ಬ್ರಿಗಲೋ ಕಾಡು

ಆಸ್ಟ್ರೇಲಿಯದ ಪೂರ್ವ ಒಳನಾಡಿನಲ್ಲಿ, ಕ್ವೀನ್ಸ್‌ಲ್ಯಾಂಡಿನಿಂದ ನ್ಯೂ ಸೌತ್ ವೇಲ್ಸ್‌ನ ಉತ್ತರದವರೆಗೆ ಕಂಡುಬರುವ ಅಕೇಶಿಯ ಕಾಡು. ಪ್ರಧಾನ ವೃಕ್ಷ ಅಕೇಶಿಯ ಹಾರ್ಪೊಫಿಲ್ಲ. ಫೇಬೇಸಿ ಕುಟುಂಬಕ್ಕೆ ಸೇರಿದ್ದು. ನಮ್ಮ ಕರಿಜಾಲಿಗೆ ದೂರದ ನಂಟು. ಆದರೆ ಜಾಲಿಯಂತೆ ಮುಳ್ಳಾಗಲಿ ಸಣ್ಣ ಎಸಳುಗಳ ಎಲೆಯಾಗಲಿ ಇದಕ್ಕಿಲ್ಲ. ಎಲೆಯ ತೊಟ್ಟೇ ಅಗಲವಾಗಿ, ಕುಡುಗೋಲಿನಂತೆ ಬಾಗಿ, ಬೆಳ್ಳಿಬೂದಿ ಬಣ್ಣ ತಳೆದಿರುತ್ತದೆ.

ಪರಿಸರ: ಒಣಗಿದಾಗ ಬಿರುಕು ಬಿಡುವ ಆಳವಾದ ಜೇಡಿಮಣ್ಣು ಇದರ ನೆಲೆ. ಈ ನೆಲದ ತಗ್ಗುಗಳಲ್ಲಿ ಮಳೆನೀರು ನಿಂತು ಹೊಂಡಗಳಾಗುತ್ತವೆ. ಇವಕ್ಕೆ ಗಿಲ್ಗಾಯ್ ಎಂದು ಹೆಸರು. ಅಲ್ಲಿನ ಕಪ್ಪೆಗಳನ್ನು ತಿಂದು ಬದುಕುವ ಡೆನಿಸೋನಿಯ ಮ್ಯಾಕುಲೇಟ ಎಂಬ ಹಾವು ಈ ಪ್ರದೇಶಕ್ಕೇ ಸೀಮಿತ. ಅಳಿದೇಹೋಯಿತೆಂದು ಭಾವಿಸಿದ್ದ ಒಂದು ಜಾತಿಯ ಪುಟ್ಟ ವಾಲಬಿ (ಕಾಂಗರೂ ಬಳಗದ ಪ್ರಾಣಿ) 1973ರಲ್ಲಿ ಡಿಂಗೊ ಎಂಬ ಊರಿನ ಬಳಿಯ ಇಂಥ ಕಾಡಿನಲ್ಲೇ ಮತ್ತೆ ಕಾಣಿಸಿಕೊಂಡಿತು.

ಅವನತಿ: 1960ರ ದಶಕದಲ್ಲಿ ಬುಲ್ಡೋಜರ್‌ಗಳ ನಡುವೆ ಭಾರಿ ಸರಪಳಿ ಕಟ್ಟಿ ಎಳೆದು ಮರಗಳನ್ನು ಉರುಳಿಸಿ, ಸುಟ್ಟು, ಹೊಲ ಮತ್ತು ಹುಲ್ಲುಗಾವಲು ಮಾಡಲಾಯಿತು. ಉಳಿದದ್ದು ಹಿಂದಿನ ವಿಸ್ತಾರದ ಸುಮಾರು ಹತ್ತನೆಯ ಒಂದು ಪಾಲು; ಅದರಲ್ಲಿ ಬಹಳಷ್ಟು ರಸ್ತೆ, ಬೇಲಿಗಳ ಅಂಚಿನ ಕಿರಿದಾದ ಪಟ್ಟಿಗಳು. 2001ರಲ್ಲಿ ಆಸ್ಟ್ರೇಲಿಯ ಸರ್ಕಾರ ಇದನ್ನು ಅಪಾಯದಂಚಿನ ಜೀವಸಮುದಾಯವೆಂದು ಘೋಷಿಸಿತು.

ಬೆಂಕಿ: ಅನೇಕ ಅಕೇಶಿಯಗಳ ಗಟ್ಟಿ ಸಿಪ್ಪೆಯ ಬೀಜ ಬೆಂಕಿಯ ಬಿಸಿ ತಾಗಿದ ಮೇಲೆ ಮೊಳೆಯುತ್ತದೆ. ಬ್ರಿಗಲೋ ಬೀಜದ ಸಿಪ್ಪೆ ಮೆದು. ಮೊಳೆಯಲು ಬಿಸಿ ಬೇಕಿಲ್ಲ, ಮಣ್ಣಿನಲ್ಲಿ ಬಹುಕಾಲ ಉಳಿಯುವುದೂ ಇಲ್ಲ. ಮರ ಕಡಿದರೆ, ಸುಟ್ಟರೆ ಬೇರಿನಿಂದ ದಟ್ಟವಾಗಿ ಚಿಗುರುತ್ತದೆ. ಆದರೆ ಆ ಚಿಗುರು ಹಳೆಯ ಕಾಡಿನ ಎತ್ತರಕ್ಕೆ, ಪೊಟರೆಗಳಿಗೆ ಮರಳಲು ದಶಕಗಳೇ ಬೇಕು. ದಟ್ಟ ನೆರಳಿನಡಿ ಹುಲ್ಲು ವಿರಳವಾದ್ದರಿಂದ ಸುತ್ತಲಿನ ನೀಲಗಿರಿ ಕಾಡಿನ ಕಿಚ್ಚು ಹಿಂದೆ ಇದರ ಅಂಚಿನಲ್ಲೇ ಆರುತ್ತಿತ್ತು. ಮೇವಿಗಾಗಿ ಹೊರಗಿನಿಂದ ತಂದು ಬಿತ್ತಿದ ಬಫೆಲ್ ಹುಲ್ಲು ಆ ರಕ್ಷಣೆಯನ್ನು ಮುರಿದಿದೆ. ಆಫ್ರಿಕ, ಭಾರತಗಳ ಒಣಪ್ರದೇಶಗಳಲ್ಲಿ ಸಹಜವಾದ ಈ ಹುಲ್ಲು ಅಂಚಿನಿಂದ ಒಳನುಗ್ಗಿ, ಒಣಗಿದಾಗ ಉಗ್ರವಾಗಿ ಉರಿಯುತ್ತದೆ. ಸುಟ್ಟು ಬಯಲಾದ ಜಾಗದಲ್ಲಿ ಮತ್ತೆ ಅದೇ ಹಬ್ಬುತ್ತದೆ.

ನಿರ್ವಹಣೆ: ಬ್ರಿಗಲೋವನ್ನು ಬೆಂಕಿಯಿಂದ ದೂರವಿಡುವುದೇ ಮುಖ್ಯ ಸೂತ್ರ. ಮಣ್ಣಿನಲ್ಲಿ ತೇವವಿರುವಾಗ, ಗಾಳಿ ಮಂದವಾಗಿರುವಾಗ ಪಕ್ಕದ ನೀಲಗಿರಿ ಕಾಡನ್ನು ತುಂಡುತುಂಡಾಗಿ ಸುಟ್ಟು, ಉರಿ ಬ್ರಿಗಲೋ ಅಂಚಿನಿಂದ ಹೊರಮುಖವಾಗಿ ಸಾಗುವಂತೆ ನೋಡಿಕೊಳ್ಳುತ್ತಾರೆ. ಬಫೆಲ್ ಹುಲ್ಲನ್ನು ಮಿತವಾಗಿ ದನ ಮೇಯಿಸಿ ಅಥವಾ ಕಳೆನಾಶಕ ಬಳಸಿ ತಗ್ಗಿಸುತ್ತಾರೆ. ಹುಲ್ಲು ಹತೋಟಿಯಲ್ಲಿದ್ದರೆ ಕಾಡಿನ ನೆರಳೇ ಮತ್ತೆ ಬೆಂಕಿ ರೇಖೆಯ ಕೆಲಸ ಮಾಡುತ್ತದೆ.