ಮಣ್ಣಿನ ಮುದ್ದೆ ಮುಳುಗುತ್ತೆ, ಚರ್ಮದ ಬುಟ್ಟಿ ತೇಲುತ್ತೆ

ಇವತ್ತಿನ ಕಥೆ ಶುರುವಾಗೋದು ದೊಡ್ಡಬಳ್ಳಾಪುರ ತಾಲ್ಲೂಕಿನ ರಾಜಘಟ್ಟದಿಂದ. 2001ರಲ್ಲಿ, ಆಮೇಲೆ 2004ರಲ್ಲಿ, ಮೈಸೂರು ವಿಶ್ವವಿದ್ಯಾಲಯದ ಪ್ರೊ. ಎಂ.ಎಸ್. ಕೃಷ್ಣಮೂರ್ತಿ ಅವರ ತಂಡ ಇಲ್ಲಿ ಉತ್ಖನನ ಮಾಡಿತು. ಇಟ್ಟಿಗೆಯ ಬೌದ್ಧ ಚೈತ್ಯ, ವಿಹಾರ ಹೊರಬಂದವು. ಜೊತೆಗೆ ಮಣ್ಣಿನ ಪುಟ್ಟ ಪುಟ್ಟ ಸ್ತೂಪಗಳು, ರಾಶಿಗಟ್ಟಲೆ. ಭಕ್ತರು ಹರಕೆಗೆ ಅಂತ ಒಪ್ಪಿಸಿದವು.

ಇತಿಹಾಸದವರಿಗೆ ಆ ಸ್ತೂಪಗಳು ದೊಡ್ಡ ನಿಧಿ. ನಂಗೆ ಅದನ್ನ ಮಾಡಿದ ಮಣ್ಣಿನ ಮೇಲೆ ಕಣ್ಣು. ಕೆರೆಯ ಜೇಡಿಮಣ್ಣನ್ನ ಗಟ್ಟಿಯಾಗಿ ಮುದ್ದೆ ಕಟ್ಟಿ ನೀರಿಗೆ ಹಾಕಿ, ಸೀದಾ ತಳಕ್ಕೆ ಹೋಗುತ್ತೆ. ಅದೇ ಮಣ್ಣನ್ನ ತಟ್ಟಿ ಬಟ್ಟಲು ಮಾಡಿ ಮೆಲ್ಲಗೆ ಬಿಡಿ, ತೇಲುತ್ತೆ. ನೆನೆದು ಕರಗೋ ತನಕನಾದ್ರೂ! ತೂಕ ಅಷ್ಟೇ, ಮಣ್ಣೂ ಅದೇ. ಬದಲಾಗಿದ್ದು ಎಷ್ಟು ನೀರನ್ನ ಅದು ಪಕ್ಕಕ್ಕೆ ಸರಿಸಿತು ಅನ್ನೋದು ಮಾತ್ರ. ಸರಿಸಿದ ನೀರಿನ ತೂಕ ಎಷ್ಟೋ, ಅಷ್ಟೇ ಬಲದಿಂದ ನೀರು ಮೇಲಕ್ಕೆ ಒತ್ತುತ್ತೆ. ಮುದ್ದೆ ಸರಿಸೋ ನೀರು ಅದರ ತೂಕಕ್ಕಿಂತ ಕಡಿಮೆ. ಬಟ್ಟಲು ಒಳಗಿನ ಖಾಲಿ ಜಾಗವನ್ನೂ ಸೇರಿಸಿ ಸರಿಸುತ್ತೆ.

ಇದನ್ನ ಬರೆದಿಟ್ಟವನು ಸಿಸಿಲಿ ದ್ವೀಪದ ಆರ್ಕಿಮಿಡೀಸ್. ನಮ್ಮ ಮಸ್ಕಿ, ಬ್ರಹ್ಮಗಿರಿಯ ಬಂಡೆಗಳಲ್ಲಿ ಶಾಸನ ಕೆತ್ತಿಸಿದ ಅಶೋಕನ ಸಮಕಾಲೀನ ಆತ. ಬಾತ್‌ಟಬ್, ಯುರೇಕಾ, ಬರಿಮೈಯಲ್ಲಿ ಓಟ, ಅದೆಲ್ಲ ನಿಮಗೆ ಗೊತ್ತಿರೋದೇ, ಬಿಡಿ.

ನಮ್ಮ ದೊಡ್ಡಬಳ್ಳಾಪುರದ ಕಡೆ ಕೆರೆಗಳುಂಟು, ದೊಡ್ಡ ಹೊಳೆಯಿಲ್ಲ. ಈ ನಿಯಮವನ್ನೇ ಹೊಟ್ಟೆಪಾಡು ಮಾಡಿಕೊಂಡವರನ್ನ ನೋಡೋಕೆ ತುಂಗಭದ್ರೆಗೆ ಹೋಗಬೇಕು. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೋ ಪಾಯೆಸ್, ಆನೆಗೊಂದಿಗೆ ದಾಟಿಸೋ ದೋಣಿ ನೋಡಿ ಬೆರಗಾಗಿದ್ದ. ಬುಟ್ಟಿಯ ಹಾಗೆ ದುಂಡಗೆ, ಒಳಗೆ ಹೆಣೆದ ಬೆತ್ತ, ಹೊರಗೆ ಚರ್ಮ. ಸುತ್ತುತ್ತಲೇ ಸಾಗುತ್ತೆ, ಹದಿನೈದು ಇಪ್ಪತ್ತು ಜನರನ್ನ ಹೊರುತ್ತೆ ಅಂತ ಬರೆದ. ಅದೇ ನಮ್ಮ ಹರಿಗೋಲು.

ಒಂದು ಬುಟ್ಟಿಯಲ್ಲಿ ಇಪ್ಪತ್ತು ಜನ? ಉತ್ಪ್ರೇಕ್ಷೆ ಅನ್ನಿಸುತ್ತೆ ಅಲ್ವಾ? ಲೆಕ್ಕ ಹಾಕೋಣ. ಎಂಟು ಅಡಿ ಅಗಲದ ಹರಿಗೋಲು, ತಳ ಹೆಚ್ಚುಕಡಿಮೆ ಚಪ್ಪಟೆ. ಅದು ಒಂದು ಸೆಂಟಿಮೀಟರ್ ಕೆಳಗಿಳಿದರೆ ಸುಮಾರು 45 ಲೀಟರ್ ನೀರು ಸರಿಯುತ್ತೆ, ಅಂದ್ರೆ 45 ಕೆ.ಜಿ. ಹೊರುತ್ತೆ. 60 ಕೆ.ಜಿ.ಯ ಒಬ್ಬರು ಹತ್ತಿದರೆ ಇಳಿಯೋದು ಬರೀ 1.3 ಸೆಂಟಿಮೀಟರ್. ಇಪ್ಪತ್ತು ಜನ ಹತ್ತಿದರೂ 27 ಸೆಂಟಿಮೀಟರ್ ಆಸುಪಾಸು. ಮೊಳಕಾಲಷ್ಟೂ ಇಲ್ಲ! ಪಾಯೆಸ್ ಸುಳ್ಳು ಬರೆದಿಲ್ಲ. ಬಂಡೆಗಳೇ ತುಂಬಿರೋ ತುಂಗಭದ್ರೆಗೆ ಆಳವಾದ ದೋಣಿ ಬಂದಿದ್ರೆ ತಳ ಒಡೆದುಕೊಳ್ಳುತ್ತಿತ್ತು. ಅಗಲವಾದ ಬುಟ್ಟಿ ಅದರ ಮೇಲೇ ಜಾರಿಕೊಂಡು ಹೋಗುತ್ತೆ.

ಸೈನ್ಯಗಳೂ ಇದನ್ನ ನಂಬಿದ್ದವು. ಟಿಪ್ಪುವಿನ ಸೆರೆಮನೆಯಿಂದ 1799ರಲ್ಲಿ ಹೊರಬಿದ್ದ ಧೋಂಡಿಯಾ ವಾಘ್, ಬ್ರಿಟಿಷರಿಗೆ ತಲೆನೋವಾದ. ಮರುವರ್ಷ ಮಳೆಗಾಲದಲ್ಲಿ ಅವನ ಬೆನ್ನಟ್ಟಿದ ಆರ್ಥರ್ ವೆಲ್ಲೆಸ್ಲಿಗೆ ಎದುರಾಗಿದ್ದು ತುಂಬಿದ ಹೊಳೆಗಳು. ಮಲಪ್ರಭೆಯಂಥ ಹೊಳೆ ದಾಟೋಕೆ ಅವನು ಮೊರೆಹೋಗಿದ್ದು ಬುಟ್ಟಿದೋಣಿಗಳಿಗೇ. 1800ರ ಸೆಪ್ಟೆಂಬರಲ್ಲಿ ರಾಯಚೂರು ಸೀಮೆಯಲ್ಲಿ ಧೋಂಡಿಯಾ ಸತ್ತ. ವೆಲ್ಲೆಸ್ಲಿ ಮುಂದೆ ವಾಟರ್‌ಲೂನಲ್ಲಿ ನೆಪೋಲಿಯನ್ನನ್ನ ಸೋಲಿಸಿದ. ಪುಸ್ತಕದಲ್ಲಿ ಅವನ ಹೆಸರಿದೆ, ಬುಟ್ಟಿ ಹೆಣೆದವರದ್ದು ಇಲ್ಲ. ನಂಗಿದು ಅನ್ಯಾಯ ಅನ್ನಿಸುತ್ತೆ.

ಈಗ ಚರ್ಮದ ಜಾಗಕ್ಕೆ ಪ್ಲಾಸ್ಟಿಕ್ ಹಾಳೆ, ಡಾಂಬರು ಬಂದಿದೆ. ಲೆಕ್ಕ ಮಾತ್ರ ಅದೇ. ಹರಿಗೋಲಲ್ಲಿ ಸೆಲ್ಫಿಗೆ ಅಂತ ಎಲ್ಲರೂ ಒಂದೇ ಕಡೆ ಎದ್ದು ನಿಂತರೆ ಆ ಕಡೆಯ ಅಂಚು ನೀರಿಗಿಳಿಯುತ್ತೆ. ಒಳನುಗ್ಗಿದ ನೀರು ತೂಕ ಹೆಚ್ಚಿಸುತ್ತೆ, ತೇಲಿಸೋ ಖಾಲಿ ಜಾಗವನ್ನ ತಿನ್ನುತ್ತೆ. ಅಂಬಿಗ ‘ಕೂತ್ಕೊಳ್ರೀ’ ಅಂತ ಗದರೋದು ಇದಕ್ಕೇ.

ನಮ್ಮ ದೊಡ್ಡಬಳ್ಳಾಪುರದ ಕಡೆ ಹೊಲಗಳಲ್ಲಿ ಹರಿಗೋಲಿಲ್ಲ, ಆದ್ರೆ ಕೃಷಿ ಹೊಂಡ ಇದೆ. ಟಾರ್ಪಾಲಿನ್ ಹಾಸಿದ ಇಳಿಜಾರು, ನೆನೆದರೆ ಪಾಚಿಗಿಂತ ಜಾರುತ್ತೆ. ಕಾಲಿಟ್ಟವರಿಗೆ ಹಿಡಿಯೋಕೆ ಏನೂ ಸಿಗಲ್ಲ. ಇಲ್ಲೂ ಆರ್ಕಿಮಿಡೀಸನ ಲೆಕ್ಕವೇ. ನಮ್ಮ ಮೈ ಹೆಚ್ಚುಕಡಿಮೆ ನೀರಿನಷ್ಟೇ ಸಾಂದ್ರ. ಎದೆ ತುಂಬ ಉಸಿರಿದ್ರೆ ಅಂಗಾತ ತೇಲ್ತೀವಿ, ಉಸಿರು ಬಿಟ್ಟರೆ ಇಳೀತೀವಿ. ಗಾಬರಿಯಲ್ಲಿ ಎರಡೂ ಕೈ ಮೇಲೆತ್ತಿ ಕೂಗ್ತಾರಲ್ಲ, ಆ ಕೈಗಳು ಈಗ ನೀರು ಸರಿಸ್ತಿಲ್ಲ. ಅವುಗಳ ತೂಕ ಪೂರ್ತಿ ಮೈಮೇಲೆ ಬಿದ್ದು ಮುಖ ಒಳಗೆ ಹೋಗುತ್ತೆ. ಕೈ ನೀರೊಳಗೇ ಇದ್ದು, ಗಲ್ಲ ಮೇಲಿದ್ರೆ ಮೂಗು ಹೊರಗಿರುತ್ತೆ.

ಈಜು ಬರದವರು ಹಿಂದೆ ಧುಮುಕಬಾರದು, ಇಬ್ಬರೂ ಹೋಗ್ತಾರೆ. ಮುಚ್ಚಳ ಬಿಗಿದ 20 ಲೀಟರಿನ ಖಾಲಿ ಕ್ಯಾನ್ ಪೂರ್ತಿ ನೀರಲ್ಲಿ ಅದುಮಿದಾಗ ಸುಮಾರು 19 ಕೆ.ಜಿ. ಬಲದಿಂದ ಮೇಲಕ್ಕೆ ತಳ್ಳುತ್ತೆ. ಒಬ್ಬರ ತಲೆ ಹೊರಗಿಡೋಕೆ ಐದಾರು ಕೆ.ಜಿ. ಸಾಕು. ನಿಮ್ಮ ಹೊಲದಲ್ಲಿ ಹೊಂಡ ಇದ್ರೆ, ಅಂಥದ್ದೊಂದು ಕ್ಯಾನಿಗೆ ಉದ್ದದ ಹಗ್ಗ ಕಟ್ಟಿ, ಇನ್ನೊಂದು ತುದಿಯನ್ನ ದಡದ ಗೂಟಕ್ಕೆ ಬಿಗಿದಿಡಿ. ಇವತ್ತು ಸಂಜೆಯೇ.