ಗೋಡೆಯ ಮೇಲಿನ ಕೆಮ್ಮಣ್ಣು

ಮಿತ್ರರೊಬ್ಬರು ತಮ್ಮ ಮನೆಗೆ ಹೊಸದಾಗಿ ಬಣ್ಣ ಹೊಡೆಸಿ, ನೋಡಿಕೊಂಡು ಹೋಗಿರೆಂದು ಕಾಫಿಗೆ ಕರೆದಿದ್ದರು. ನಡುಮನೆಯ ಮೂರು ಗೋಡೆಗಳಿಗೆ ಮರಳಿನ ಬಣ್ಣ; ನಾಲ್ಕನೆಯದಕ್ಕೆ ಇಟ್ಟಿಗೆಯ ಕೆಂಪೂ ಅಲ್ಲದ, ಕಾಫಿಯ ಕಂದೂ ಅಲ್ಲದ ಒಂದು ಬಣ್ಣ. “ಇದು ಈಗಿನ ರೀತಿ. ಮಣ್ಣಿನ ಬಣ್ಣಗಳಿಗೇ ಈಗ ಬೆಲೆ” ಎಂದು ಮಿತ್ರರು ವಿವರಿಸುತ್ತಿದ್ದರು. ಮೂಲೆಯ ಕುರ್ಚಿಯಲ್ಲಿ ಕುಳಿತಿದ್ದ ಅವರ ತಾಯಿ ಸುಮ್ಮನಿರಲಿಲ್ಲ. “ಇದರಲ್ಲಿ ಹೊಸದೇನು ಬಂತು ಕಣೋ? ಊರ ಮನೆ ಗೋಡೆಗೆ ನಾನು ಬಳೀತಿದ್ದ ಕೆಮ್ಮಣ್ಣು ಇದೇ ಅಲ್ಲವೇ? ಅದು ಹಳ್ಳಿ ಗುಗ್ಗು ಅಂತ ನಿಮ್ಮಪ್ಪ ಡಿಸ್ಟೆಂಪರು ಹೊಡೆಸಿದರು” ಎಂದರು. ಎಲ್ಲರೂ ನಕ್ಕೆವು. ಮನೆಗೆ ಬಂದ ಮೇಲೆ ಮಾತ್ರ ಆ ಮಾತು ನನ್ನನ್ನು ಬಿಡಲಿಲ್ಲ.

ಅಲಂಕಾರದ ಚರಿತ್ರೆಯೆಂದರೆ ನಮ್ಮ ಕಣ್ಣು ಹೋಗುವುದು ಹಂಪೆಯ ವಿರೂಪಾಕ್ಷ ದೇವಾಲಯದ ರಂಗಮಂಟಪದ ಕಡೆಗೆ, ಇಲ್ಲವೆ ಶ್ರೀರಂಗಪಟ್ಟಣದ ದರಿಯಾ ದೌಲತ್ತಿನ ಕಡೆಗೆ. ಅಲ್ಲಿ ಚಿತ್ರ ಉಳಿದಿದೆ, ಬರೆಸಿದ ದೊರೆಯ ಹೆಸರೂ ಉಳಿದಿದೆ. ಸಾಮಾನ್ಯರ ಮನೆಯ ಗೋಡೆಗೆ ಈ ಎರಡೂ ಭಾಗ್ಯಗಳಿಲ್ಲ. ಯುಗಾದಿಗೋ ದೀಪಾವಳಿಗೋ ಹಳೆಯದರ ಮೇಲೆ ಹೊಸದನ್ನು ಬಳಿದುಬಿಡುತ್ತಿದ್ದರು. ವರ್ಷವರ್ಷವೂ ಬರೆದು ವರ್ಷವರ್ಷವೂ ಅಳಿಸಿದ ಚರಿತ್ರೆ ಅದು. ಬರೆದವರೂ ಅಳಿಸಿದವರೂ ಮನೆಯ ಹೆಂಗಸರೇ. ಶಾಸನಗಳಲ್ಲಿ ಹುಡುಕಿದರೆ ಅದು ಸಿಕ್ಕದು. ಮಾತಿನಲ್ಲಿ ಹುಡುಕಿದರೆ ಸಿಕ್ಕೀತು. ‘ಸಾರಣೆ ಕಾರಣೆ’ ಎಂಬ ಜೋಡುನುಡಿಯನ್ನು ಕೇಳದ ಕನ್ನಡಿಗರು ಹಿಂದಿನ ತಲೆಮಾರಿನಲ್ಲಿ ಇರಲಾರರು. ನೆಲಕ್ಕೆ ಸೆಗಣಿ ಬಳಿಯುವುದು ಸಾರಣೆ. ಗೋಡೆಯ ಬುಡದುದ್ದಕ್ಕೂ, ಜಗಲಿಯ ಅಂಚಿಗೂ, ಬಾಗಿಲಿನ ಎರಡು ಪಕ್ಕಕ್ಕೂ ಕೆಮ್ಮಣ್ಣಿನ ಪಟ್ಟೆ ಎಳೆಯುವುದು ಕಾರಣೆ. ಇದು ಬರಿಯ ಚೆಲುವಿಗಾಗಿ ಹುಟ್ಟಿದ್ದೆಂದು ನನಗೆ ತೋರುವುದಿಲ್ಲ. ಸಾರಿಸುವಾಗ ಸೆಗಣಿನೀರು ಸಿಡಿಯುವುದು ಗೋಡೆಯ ಬುಡಕ್ಕೇ ತಾನೆ? ಬಿಳಿಯ ಸುಣ್ಣದ ಮೇಲೆ ಅದರ ಕಲೆ ಎದ್ದು ಕಾಣುತ್ತದೆ. ಕೆಮ್ಮಣ್ಣಿನ ಪಟ್ಟೆ ಅದನ್ನು ನುಂಗಿಕೊಳ್ಳುತ್ತದೆ.

ಈ ಪಟ್ಟೆ ಎಳೆಯುವ ಕೈ ಎಷ್ಟು ಹಳೆಯದು? ರಾಯಚೂರು ಜಿಲ್ಲೆಯ ಪಿಕ್ಲಿಹಾಳದಲ್ಲಿ ಆಲ್ಚಿನ್ನರು ೧೯೫೨ರಲ್ಲಿ ಅಗೆತ ನಡೆಸಿದರು. ನವಶಿಲಾಯುಗದ ಬೂದುಬಣ್ಣದ ಗಡಿಗೆಗಳು ಅಲ್ಲಿ ಸಿಕ್ಕಿದುವು. ಅವುಗಳಲ್ಲಿ ಕೆಲವಕ್ಕೆ, ಆವಿಗೆಯಲ್ಲಿ ಸುಟ್ಟಾದ ಮೇಲೆ, ಕೆಮ್ಮಣ್ಣಿನ ಪಟ್ಟೆ ಬಳಿದಿದ್ದಾರೆ. ಗಂಗಾವತಿಯ ಬಳಿಯ ಹಿರೇಬೆಣಕಲ್ಲಿನ ಬಂಡೆಯಾಸರೆಗಳಲ್ಲಿ ಅದೇ ಕೆಂಪಿನ ಮನುಷ್ಯರೂ ಮೃಗಗಳೂ ಇಂದಿಗೂ ಮಾಸದೆ ನಿಂತಿವೆ. ಬಳ್ಳಾರಿ ಸೀಮೆಯ ತೆಕ್ಕಲಕೋಟೆಯಲ್ಲಿ ಎಂ. ಎಸ್. ನಾಗರಾಜರಾಯರೂ ಮಲ್ಹೋತ್ರರೂ ಬಯಲಿಗೆ ತಂದ ದುಂಡು ಗುಡಿಸಿಲುಗಳ ವಿವರ ೧೯೬೫ರಲ್ಲಿ ಪುಸ್ತಕವಾಗಿ ಬಂದಿತು. ಅಂಥ ಗುಡಿಸಿಲಿನ ಗೋಡೆಗೆ ಏನು ಬಳಿದಿದ್ದರೆಂದು ಹೇಳಲು ಗೋಡೆಯೇ ನಿಂತಿಲ್ಲ. ಗಡಿಗೆಯ ಪಟ್ಟೆಯಿಂದಲೇ ಗೋಡೆಯ ಕಾರಣೆ ಬಂದಿತೆಂದು ಸಾಧಿಸುವ ಸಾಹಸಕ್ಕೆ ನಾನು ಹೊರಟಿಲ್ಲ. ಮಣ್ಣು ಒಂದೇ, ಬಳಿಯುವ ಬಗೆಯೂ ಒಂದೇ ಎಂದಷ್ಟೇ ಹೇಳಬಲ್ಲೆ.

ಈ ಕೆಂಪಿನ ಗುಟ್ಟು ಕಬ್ಬಿಣದಲ್ಲಿದೆ. ಕಬ್ಬಿಣದ ತುಕ್ಕಿಗೂ ಕೆಮ್ಮಣ್ಣಿಗೂ ಹತ್ತಿರದ ನಂಟು. ನೀರಿನ ಅಂಶ ಸೇರಿದ್ದರೆ ಮಣ್ಣು ಹಳದಿ. ಅದನ್ನೇ ಕೆಂಡದಲ್ಲಿ ಸುಟ್ಟರೆ ನೀರು ಹಾರಿ ಕೆಂಪಾಗುತ್ತದೆ. ಎಲೆಯ ಬಣ್ಣ, ಹೂವಿನ ಬಣ್ಣ ಬಿಸಿಲಿಗೆ ಬಿಳಿಚಿಕೊಳ್ಳುತ್ತವೆ. ಇದಕ್ಕೆ ಆ ಭಯವಿಲ್ಲ. ಇನ್ನೊಂದು ಗುಣ ಇದಕ್ಕಿಂತ ಮುಖ್ಯವಾದುದು. ಸುಣ್ಣದ ಕ್ಷಾರಕ್ಕೆ ಅನೇಕ ಬಣ್ಣಗಳು ಸೋತು ಕೆಡುತ್ತವೆ. ಕೆಮ್ಮಣ್ಣು ಸುಣ್ಣದೊಡನೆ ಕೂಡಿ ಬಾಳುತ್ತದೆ. ನಮ್ಮ ಮನೆಗಳಲ್ಲಿ ಬಿಳಿಯೂ ಕೆಂಪೂ ಅಕ್ಕಪಕ್ಕದಲ್ಲಿ ಶತಮಾನಗಟ್ಟಲೆ ಸಂಸಾರ ಮಾಡಿದ್ದಕ್ಕೆ ರೂಢಿಯೊಂದೇ ಕಾರಣವಲ್ಲ.

ಕಲ್ಯಾಣದ ಚಾಳುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ, ಹನ್ನೆರಡನೆಯ ಶತಮಾನದಷ್ಟು ಹಿಂದೆಯೇ, ಚಿತ್ರಕ್ಕೆ ಗೋಡೆಯನ್ನು ಹದಮಾಡುವ ವಿಧಾನವಿದೆ; ಬಣ್ಣಗಳ ಸಾಲಿನಲ್ಲಿ ಶಂಖದ ಬಿಳಿ, ಕಾಡಿಗೆಯ ಕಪ್ಪುಗಳೊಡನೆ ಗೈರಿಕವೆಂಬ ಕೆಮ್ಮಣ್ಣಿಗೂ ಸ್ಥಾನವಿದೆ. ಅದು ಅರಮನೆಯ ಶಾಸ್ತ್ರ. ಮಲೆನಾಡಿನ ಹೆಂಗಸರಿಗೆ ಈ ಗ್ರಂಥದಿಂದ ಆಗಬೇಕಾದ್ದೇನೂ ಇರಲಿಲ್ಲ.

ಸಾಗರ, ಸೊರಬ, ಹೊಸನಗರಗಳ ಕಡೆಯ ದೀವರ ಮನೆಗಳನ್ನು ನೋಡಬೇಕು. ಮದುವೆ ನಿಶ್ಚಯವಾಯಿತೆಂದರೆ ಹಸೆಯ ಗೋಡೆ ಸಿದ್ಧವಾಗಬೇಕು. ಮೊದಲು ಗೋಡೆಗೆ ಕೆಮ್ಮಣ್ಣು ಬಳಿದು ಆರಲು ಬಿಡುತ್ತಾರೆ. ಆಮೇಲೆ ಬಿಳಿಗೆ ನೆನೆಸಿ ರುಬ್ಬಿದ ಅಕ್ಕಿ, ಕಪ್ಪಿಗೆ ಸೀಯುವಂತೆ ಹುರಿದ ಅಕ್ಕಿ, ಹಳದಿಗೆ ಗುರಿಗೆಯ ಕಾಯಿ. ಕುಂಚವೋ, ಪುಂಡಿಯ ನಾರು. ನಾರಿನ ತುದಿಯಿಂದ ಎಳೆದ ಗೆರೆಗಳು ಒಂದರ ಪಕ್ಕದಲ್ಲಿ ಒಂದು, ನೇಯ್ಗೆಯ ಎಳೆಗಳಂತೆ, ಎಲ್ಲೂ ಮುಗ್ಗರಿಸದೆ ಹೋಗುತ್ತವೆ. ನಡುವೆ ಮದುಮಕ್ಕಳು, ತೆನೆ, ಹಕ್ಕಿ. ಬರೆಯುವಾಗ ಹಾಡು. ಒಳ್ಳೆಯ ಕೈಯುಳ್ಳ ಹೆಂಗಸಿಗೆ ‘ಚಿತ್ತಾರಗಿತ್ತಿ’ ಎಂಬ ಗೌರವದ ಹೆಸರು. ಆ ಗೋಡೆಯ ಮುಂದೆಯೇ ಹಸೆ ಹಾಸಿ ಮದುಮಕ್ಕಳನ್ನು ಕೂರಿಸುವುದು. ಭೂಮಿ ಹುಣ್ಣಿಮೆಗೆ ಗದ್ದೆಗೆ ಎಡೆ ಒಯ್ಯುವ ಭೂಮಣ್ಣಿ ಬುಟ್ಟಿಗೂ ಇದೇ ಉಪಚಾರ: ಮೊದಲು ಕೆಮ್ಮಣ್ಣು, ಮೇಲೆ ಬಿಳಿಯ ಚಿತ್ತಾರ. ಮಣ್ಣಿನಿಂದ ಬಂದ ಬಣ್ಣವನ್ನು ತೊಟ್ಟು ಬುಟ್ಟಿ ಮಣ್ಣಿಗೇ ಊಟ ಹೊತ್ತುಕೊಂಡು ಹೋಗುತ್ತದೆ.

ಘಟ್ಟ ಇಳಿದು ಕರಾವಳಿಗೆ ಹೋದರೆ ಅದೇ ಕೆಂಪು ಬೇರೆ ವೇಷದಲ್ಲಿ ಎದುರಾಗುತ್ತದೆ. ಉತ್ತರ ಕನ್ನಡದಲ್ಲಿಯೂ ಗೋವೆಯಲ್ಲಿಯೂ ಹಳೆಯ ದೇವಾಲಯಗಳ, ಕೆಲವು ಸಿರಿವಂತರ ಮನೆಗಳ ಗೋಡೆಯ ಮೇಲೆ ಕಾವಿ ಚಿತ್ರಗಳಿವೆ. ಇದು ಬಳಿಯುವ ಕಲೆಯಲ್ಲ, ಕೆರೆಯುವ ಕಲೆ. ಚಿಪ್ಪು ಸುಟ್ಟ ಸುಣ್ಣಕ್ಕೆ ಬೆಲ್ಲ ಸೇರಿಸಿ, ಕುಟ್ಟಿ, ಕೊಳೆಯಿಟ್ಟು, ನುಣ್ಣಗೆ ಗೋಡೆಗೆ ಮೆತ್ತುತ್ತಿದ್ದರು. ಅದು ಹಸಿಯಾಗಿರುವಾಗಲೇ ಮೇಲೆ ಕೆಂಪಿನ ಪದರ. ನಂತರ ಮೊಳೆಯಂಥ ಚೂಪಾದ ಉಪಕರಣದಿಂದ ಕೆಂಪನ್ನು ಕೆರೆದರೆ ಒಳಗಿನ ಬಿಳುಪು ಗೆರೆಯಾಗಿ ಮೇಲೇಳುತ್ತದೆ. ಕೆಲಸ ತಡವಾದರೆ ಗಾರೆ ಬಿಗಿದು ಕೈಗೆ ಬಗ್ಗುವುದಿಲ್ಲ, ತಪ್ಪಿದರೆ ತಿದ್ದುವಂತಿಲ್ಲ. ಹೊನ್ನಾವರದ ಕೃಷ್ಣಾನಂದ ಕಾಮತರು ಊರೂರು ಅಲೆದು ಇವುಗಳ ಚಿತ್ರ ತೆಗೆದು ಬರೆಯದಿದ್ದರೆ ನಮ್ಮಲ್ಲಿ ಅನೇಕರಿಗೆ ಇಂಥದೊಂದು ಇದೆಯೆಂದೇ ತಿಳಿಯುತ್ತಿರಲಿಲ್ಲ. ಜೀರ್ಣೋದ್ಧಾರದ ಭರದಲ್ಲಿ ಎಷ್ಟೋ ಗೋಡೆಗಳು ಹೊಳಪಿನ ಟೈಲುಗಳ ಹಿಂದೆ ಸೇರಿಹೋದುವು. ಜೀರ್ಣವಾದುದನ್ನು ಉದ್ಧರಿಸುವುದೆಂದರೆ ಇದೇ ಏನೋ!

ಈ ಕೆಂಪುಪುಡಿಗೆ ಹುರಮಂಜಿ ಎಂಬ ಹೆಸರುಂಟು; ಉತ್ತರದ ಜಿಲ್ಲೆಗಳಲ್ಲಿ ಬಾಗಿಲು ಕಿಟಕಿಗಳಿಗೆ ಬಳಿಯುವಾಗಲೂ ಅದೇ ಮಾತು. ಪಾರಸಿಯ ಕೊಲ್ಲಿಯ ಹೊರ್ಮುಜ್ ದ್ವೀಪದ ಹೆಸರು ಇದರಲ್ಲಿದೆಯೆಂದು ಹೇಳುವವರಿದ್ದಾರೆ. ಆ ದ್ವೀಪದ ಕೆಮ್ಮಣ್ಣು ಹೆಸರುವಾಸಿಯಾದದ್ದು ನಿಜ. ವಿಜಯನಗರದ ಅರಸರಿಗೆ ಬೇಕಾದ ಕುದುರೆಗಳು ಹೊರ್ಮುಜಿನಿಂದ ಭಟ್ಕಳ, ಗೋವೆಗಳ ರೇವಿಗೆ ಬರುತ್ತಿದ್ದುದೂ ನಿಜ. ಮುರಕಲ್ಲಿನ ನಾಡಿಗೆ ಕೆಂಪು ಮಣ್ಣನ್ನು ಹೊರಗಿನಿಂದ ತರಿಸುವುದು ಕೊಲ್ಲೂರಿಗೆ ಕಾಡು ಹೊತ್ತಂತೆ ಎನ್ನಿಸಬಹುದು. ಆದರೆ ಹೆಸರು ಹಡಗಿನಲ್ಲಿ ಬಂದು ಮಣ್ಣು ಊರಿನದೇ ಆಗಿರುವುದು ವ್ಯಾಪಾರದ ಚರಿತ್ರೆಯಲ್ಲಿ ಅಪರೂಪವಲ್ಲ.

ಇಷ್ಟು ಗೋಡೆಯ ಮಾತಾಯಿತು. ನೆಲದ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ಬೆಳೆದಿದೆ. ತಾತನ ಮನೆಯ ಕನ್ನಡಿಯಂಥ ಕೆಂಪು ಗಾರೆಯ ನೆಲವನ್ನು ಈಗಿನವರು ‘ಪುರಾತನ’ವೆಂದು ಕೊಂಡಾಡುತ್ತಾರೆ. ಅದು ಅಷ್ಟೇನೂ ಹಳೆಯದಲ್ಲ. ಅದಕ್ಕೆ ಸಿಮೆಂಟು ಬೇಕು. ಇಂಗ್ಲೆಂಡಿನಲ್ಲಿ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಹಕ್ಕುಪತ್ರ ಸಿಕ್ಕಿದ್ದು ೧೮೨೪ರಲ್ಲಿ; ಪೋರಬಂದರಿನ ಕಾರ್ಖಾನೆ ಕೆಲಸ ಆರಂಭಿಸಿದ್ದು ೧೯೧೪ರಲ್ಲಿ. ಹಾಗಿರುವಾಗ ನಮ್ಮ ಕೆಂಪು ನೆಲಗಳ ವಯಸ್ಸು ನೂರರ ಆಸುಪಾಸು. ಕುತೂಹಲದ ಸಂಗತಿ ಬೇರೆಯೇ ಇದೆ. ಹೊಸ ಸಾಮಗ್ರಿ ಬಂದಾಗ ಹಸುರು, ಹಳದಿ, ಕಪ್ಪು ಪುಡಿಗಳೂ ಸಿಕ್ಕುತ್ತಿದ್ದುವು. ನಮ್ಮವರು ಹೆಚ್ಚಾಗಿ ಆರಿಸಿಕೊಂಡದ್ದು ಕೆಂಪನ್ನೇ; ಕಪ್ಪನ್ನು ಅಂಚಿಗೆ ಇಟ್ಟರು. ಸೀರೆಗೆ ಸೆರಗಿನಂತೆ ಕಾರಣೆ ಈಗ ನೆಲಕ್ಕೆ ಇಳಿಯಿತು. ಸಿಮೆಂಟೂ ಸುಣ್ಣದಂತೆ ಕ್ಷಾರದ ಪದಾರ್ಥ. ಅದರಲ್ಲಿಯೂ ಕಬ್ಬಿಣದ ಕೆಂಪು ಕೆಡಲಿಲ್ಲ. ಗಾರೆಯವರು ಹಸಿ ನೆಲದ ಮೇಲೆ ಪುಡಿ ಉದುರಿಸಿ, ಮಂಡಿಯೂರಿ ಕರಣೆಯಿಂದ ತಿಕ್ಕಿ ತಿಕ್ಕಿ ತಂದ ಹೊಳಪು ಅದು. ಆಮೇಲೆ ದಿನಗಟ್ಟಲೆ ನೀರು ಕಟ್ಟಿ ನಿಲ್ಲಿಸಬೇಕು. ಅವಸರ ಮಾಡಿದರೆ ಬಿರುಕು. ಕೆಮ್ಮಣ್ಣನ್ನೇ ಹೆಸರಾಗಿ ಹೊತ್ತ ಕೆಮ್ಮಣ್ಣುಗುಂಡಿಯ ಬೆಟ್ಟದಿಂದ ಅದಿರು ೧೯೨೩ರಲ್ಲಿ ಆರಂಭವಾದ ಭದ್ರಾವತಿಯ ಕುಲುಮೆಗೆ ಹೋಗುತ್ತಿದ್ದುದನ್ನು ನೆನೆದರೆ, ಹೆಂಗಸರ ಬುಟ್ಟಿಗೂ ಕಾರ್ಖಾನೆಗೂ ಒಂದೇ ಜಾತಿಯ ಮಣ್ಣು ಒದಗಿದ್ದು ತಿಳಿಯುತ್ತದೆ.

ಹಳೆಯದೆಲ್ಲ ಹೊನ್ನೆಂದು ಹೇಳುವುದಕ್ಕೆ ನನಗೆ ಮನಸ್ಸಿಲ್ಲ. ಮಿತ್ರರ ತಾಯಿಯ ಹತ್ತಿರ ಕುಳಿತು ಆ ದಿನ ಇನ್ನಷ್ಟು ಕೇಳಿದ್ದೆ. ಊರಾಚೆಯ ಗುಂಡಿಯಿಂದ ಬುಟ್ಟಿಯಲ್ಲಿ ಕೆಮ್ಮಣ್ಣು ಹೊತ್ತು ತರಬೇಕು. ಗುಂಡಿ ಆಳವಾದಷ್ಟೂ ಮೇಲಿನ ದಡ ಕುಸಿಯುವ ಭಯ. ತಂದ ಮಣ್ಣನ್ನು ನೆನೆಸಿ, ಕದಡಿ, ಕಲ್ಲು ಬೇರ್ಪಡಿಸಿ, ಬಟ್ಟೆಯ ತುಂಡಿನಿಂದ ಬಳಿಯಬೇಕು. ಹಬ್ಬದ ಅಡುಗೆಗೆ ಮುಂಚೆ ಇದೆಲ್ಲ ಮುಗಿಯಬೇಕು. ಕೈ ಬಿರಿದು ಉರಿಯುತ್ತಿತ್ತಂತೆ. “ಡಿಸ್ಟೆಂಪರು ಬಂದಾಗ ನಿಮಗೆ ಬೇಸರವಾಯಿತೆ ಅಮ್ಮಾ?” ಎಂದು ಕೇಳಿದೆ. “ಬೇಸರ ಏಕಪ್ಪಾ? ನಾನು ಮೊದಲ ಸಲ ಹಬ್ಬದ ದಿನ ಕೂತು ಉಂಡೆ” ಎಂದರು. ಸ್ವಲ್ಪ ಹೊತ್ತು ಬಿಟ್ಟು, “ಗುಗ್ಗು ಅಂದರಲ್ಲ, ಅದಕ್ಕೆ ಬೇಸರವಾಯಿತು” ಎಂದರು.

ಹೊರಡುವಾಗ ನೋಡಿದೆ. ಅವರು ಎದ್ದು ಹೋಗಿ ಆ ಹೊಸ ಗೋಡೆಯ ಮೇಲೆ ಅಂಗೈ ಊರಿ ಸವರಿದರು. ಕೈ ತಿರುಗಿಸಿ ನೋಡಿಕೊಂಡರು. “ಹತ್ತೋದೇ ಇಲ್ಲವಲ್ಲ!” ಎಂದು ಮಗನಿಗೆ ಹೇಳಿ, ಸೆರಗಿನಲ್ಲಿ ಕೈ ಒರೆಸಿಕೊಂಡು ಒಳಕ್ಕೆ ನಡೆದರು.