ಹಣಕಾಸಿನ ಬರಹದಲ್ಲಿ ಪ್ರತ್ಯಯದ ಬೆಲೆ

ಹಣಕಾಸಿನ ಬರಹದಲ್ಲಿ ವ್ಯಾಕರಣದ ತಪ್ಪು ಲೆಕ್ಕವನ್ನೇ ಬದಲಿಸಬಲ್ಲದು. ದುಬೈ, ಅಬುಧಾಬಿಗಳ ಕನ್ನಡಿಗರಿಗೆ ಪರಿಚಿತವಾದ ತೆರಿಗೆಗಳೇ ಇದಕ್ಕೆ ತಕ್ಕ ಉದಾಹರಣೆ.

ಸಂಯುಕ್ತ ಅರಬ್ ಸಂಸ್ಥಾನದ ಕಾರ್ಪೊರೇಟ್ ತೆರಿಗೆಯು 2023ರ ಜೂನ್ 1ರಿಂದೀಚೆಗೆ ಆರಂಭವಾದ ಹಣಕಾಸು ವರ್ಷಗಳಿಗೆ ಅನ್ವಯಿಸುತ್ತದೆ. ಕಂಪನಿಯೊಂದರ ತೆರಿಗೆಯೋಗ್ಯ ಆದಾಯ 4,00,000 ದಿರ್ಹಮ್ ಎಂದಿಟ್ಟುಕೊಳ್ಳೋಣ. “ಆದಾಯವು 3,75,000 ದಿರ್ಹಮ್ ಮೀರಿದರೆ ಶೇ. 9 ತೆರಿಗೆ” ಎಂದು ಬರೆದರೆ ಓದುಗರು 36,000 ದಿರ್ಹಮ್ ತೆರಿಗೆಯೆಂದು ಎಣಿಸುತ್ತಾರೆ. “3,75,000 ದಿರ್ಹಮ್ ಮೀರಿದ ಭಾಗಕ್ಕೆ ಮಾತ್ರ ಶೇ. 9” ಎಂದರೆ ತೆರಿಗೆ ಕೇವಲ 2,250 ದಿರ್ಹಮ್. ಬೇರೆ ವಿನಾಯಿತಿಗಳಿಲ್ಲದಿದ್ದಲ್ಲಿ ಕಾನೂನಿನ ಲೆಕ್ಕ ಎರಡನೆಯದು. ‘ಮೀರಿದರೆ’, ‘ಮೀರಿದ’ ಎಂಬ ರೂಪಗಳ ಅಂತರ ಇಲ್ಲಿ 33,750 ದಿರ್ಹಮ್.

ವಿಭಕ್ತಿಯೂ ಹಾಗೆಯೇ. ನೆರೆಯ ಬಹರೈನ್ 2022ರ ಜನವರಿಯಲ್ಲಿ ಮೌಲ್ಯವರ್ಧಿತ ತೆರಿಗೆಯನ್ನು ಶೇ. 5ರಿಂದ ಶೇ. 10ಕ್ಕೆ ಏರಿಸಿತು. “ಶೇ. 10ರಷ್ಟು ಏರಿಸಿತು” ಎಂದು ಬರೆದರೆ ಹೊಸ ದರ ಶೇ. 15 ಎಂದೋ ಶೇ. 5.5 ಎಂದೋ ತಿಳಿಯಲು ಎಡೆಯಾಗುತ್ತದೆ. ಹಳೆಯ ದರ, ಹೊಸ ದರ ಎರಡನ್ನೂ ಹೇಳುವುದೇ ಕ್ಷೇಮ.

ಸಂಖ್ಯೆಗಳ ಬರವಣಿಗೆಯಲ್ಲಿ ಏಕರೂಪತೆ ಅಗತ್ಯ. ಅಲ್ಲಿನ ದಾಖಲೆಗಳ 375,000 ನಮ್ಮ 3,75,000. ಒಂದು ಮಿಲಿಯನ್ ಎಂದರೆ ಹತ್ತು ಲಕ್ಷ, ಒಂದು ಬಿಲಿಯನ್ ಎಂದರೆ ನೂರು ಕೋಟಿ. ಒಂದೇ ಲೇಖನದಲ್ಲಿ ಎರಡು ಪದ್ಧತಿಗಳನ್ನು ಬೆರೆಸಬಾರದು.

ಕರಡು ತಿದ್ದುವಾಗ ನಾನು ಮೂರು ಬಾರಿ ಓದುತ್ತೇನೆ: ಮೊದಲು ಅಂಕಿ, ನಾಣ್ಯ, ದಿನಾಂಕಗಳನ್ನಷ್ಟೇ, ಬಳಿಕ ಪ್ರತ್ಯಯಗಳನ್ನು, ಕೊನೆಗೆ ಇಡೀ ಬರಹವನ್ನು ಗಟ್ಟಿಯಾಗಿ. ನಿಯಮವೊಂದನ್ನು ವಿವರಿಸಿದ ಕಡೆಯಲ್ಲೆಲ್ಲ ಬಿಡಿಸಿದ ಲೆಕ್ಕವೊಂದನ್ನು ಸೇರಿಸುತ್ತೇನೆ. ವಾಕ್ಯ ತೊಡಕಾಗಿದ್ದರೆ ಆ ಲೆಕ್ಕವೇ ಅದನ್ನು ತೋರಿಸಿಕೊಡುತ್ತದೆ.